ಸುಭಾಸ ರಸ್ತೆಯ ಫ್ರೇಮ್ ಅಂಗಡಿ: ಕೇಳಿ, ತಿಳಿದುಕೊಂಡು ಕೆಲಸ ಮಾಡುತ್ತಾರೆ

ಧಾರವಾಡದಲ್ಲಿ ಹಳೆಯ ಫೋಟೊಗೆ ಒಳ್ಳೆ ಫ್ರೇಮ್ ಎಲ್ಲಿ ಹಾಕಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಸುಭಾಸ ರಸ್ತೆಯ ಈ ಸಣ್ಣ ಅಂಗಡಿಗೇ ಕಳಿಸುತ್ತೇನೆ.

ನಾನು ಮಕ್ಕಳಿಗೆ ನಾಟಕ ಕಲಿಸುತ್ತೇನೆ. ತಾಲೀಮು ಕೋಣೆಯ ಗೋಡೆಗೆ ನಾರ್ವೆಯ ನಟಿ ಯೊಹಾನ್ನೆ ಡಿಬ್ವಾಡ್ ಅವರ ಫೋಟೊ ಬೇಕಿತ್ತು. ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದು, ಅಂಚೆಲ್ಲ ಕಲೆ. ಮೊದಲು ಹುಬ್ಬಳ್ಳಿಯಲ್ಲಿ ಒಂದು ಕಡೆ ಕೊಟ್ಟಿದ್ದೆ. ಅವರು ಒಂದು ಮಾತೂ ಕೇಳದೆ ಮುಖದ ಗೆರೆಗಳನ್ನೆಲ್ಲ ಅಳಿಸಿ, ತುಟಿಗೆ ಕೆಂಪು ಹಚ್ಚಿ, ಮದುವೆ ಆಲ್ಬಮ್ಮಿನ ಮದುಮಗಳ ಥರ ಮಾಡಿಕೊಟ್ಟರು. ಐವತ್ತು ವರ್ಷಕ್ಕೂ ಜಾಸ್ತಿ ರಂಗದ ಮೇಲೆ ದುಡಿದ ಮುಖ ಅದು. ತುಂಬಾ ಬೇಜಾರಾಯಿತು.

ಇಲ್ಲಿಯ ಮಾಲಕರು ಮೊದಲು ಕೇಳಿದ್ದೇ "ಯಾರ್ರೀ ಇವರು?" ಅಂತ. ಹೇಳಿದೆ. 1867ರಲ್ಲಿ ಈಗಿನ ಓಸ್ಲೊದಲ್ಲಿ ಹುಟ್ಟಿದವರು, ಅಪ್ಪ ಅವ್ವ ಇಬ್ಬರೂ ನಾಟಕದವರೇ. ನಾರ್ವೆಯ ನಾಟಕಕಾರ ಇಬ್ಸೆನ್ ಬರೆದ 'ಗೊಂಬೆಯ ಮನೆ' 1880ರಲ್ಲಿ ಆ ಊರಿನ ರಂಗಕ್ಕೆ ಬಂದಾಗ ಅದರ ನಾಯಕಿ ನೋರಾ ಆಗಿದ್ದು ಇವರ ಅವ್ವ ಯೊಹಾನ್ನೆ ಯೂಲ್. ಹತ್ತು ವರ್ಷದ ಮೇಲೆ, 1890ರಲ್ಲಿ, ಅದೇ ನೋರಾ ಮಗಳ ಪಾಲಿಗೆ ಬಂತು. ಆ ಹೊತ್ತಿಗೆ ಅವ್ವ ಇರಲಿಲ್ಲ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. 1899ರಲ್ಲಿ ಅಲ್ಲಿ ನ್ಯಾಷನಲ್ ಥಿಯೇಟರ್ ಶುರುವಾದ ಮೇಲೆ ಇವರೇ ಅದರ ದೊಡ್ಡ ನಟಿ, ನಾಟಕಗಳ ನಿರ್ದೇಶನವನ್ನೂ ಮಾಡಿದರು. ಆಗ ನಮ್ಮ ಕಡೆ ಕಂಪನಿ ನಾಟಕದಲ್ಲಿ ಹೆಣ್ಣಿನ ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದ ಕಾಲ, ಅಲ್ವಾ? ನಮ್ಮ ಏಣಗಿ ಬಾಳಪ್ಪನವರೂ ಚಿಕ್ಕಂದಿನಲ್ಲಿ ಹೆಣ್ಣು ಪಾತ್ರ ಮಾಡಿದವರೇ. ಡಿಬ್ವಾಡ್ 1950ರಲ್ಲಿ ತೀರಿಕೊಂಡರು. ಈಗ ಆ ಥಿಯೇಟರಿನ ಹೊರಗೆ ಅವರ ಪ್ರತಿಮೆ ಇದೆ.

ಮಾಲಕರು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿಸಿಕೊಂಡರು. ಕಲೆ ಹೋಗಬೇಕೆಂದರೆ ಕೆಳಗಿನ ಭಾಗ ಕತ್ತರಿಸಿ ಮುಖ ಅಷ್ಟೇ ಇಡೋಣ ಅಂತ ಮೊದಲು ಅವರೇ ಪೆನ್ಸಿಲ್ ಗೆರೆ ಎಳೆದಿದ್ದರು. ಈಗ ರಬ್ಬರ್ ತೆಗೆದುಕೊಂಡು ಅದನ್ನು ಅಳಿಸಿದರು. "ನಾಟಕದವರಂತೀರಿ. ಹಂಗಾರ ಕೈ ತಗೀಬಾರದ್ರಿ" ಅಂದರು. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಆ ಎರಡು ಕೈ ಹಾಗೇ ಉಳಿದವು. ಕಲೆಯನ್ನು ಮಾತ್ರ ಹಗುರಾಗಿ ತಿದ್ದಿದ್ದಾರೆ, ಕಣ್ಣಿನ ಕೆಳಗಿನ ಗೆರೆಗಳನ್ನು ಮುಟ್ಟಿಲ್ಲ.

ಹೊಳಪಿಲ್ಲದ ಕಾಗದ, ಸುತ್ತ ಎರಡು ಬೆರಳಗಲ ಬಿಳಿ ಅಂಚು, ತೆಳ್ಳಗಿನ ಕಪ್ಪು ಮರದ ಪಟ್ಟಿ. ಹಿಂದಿನ ರಟ್ಟಿಗೆ ಸುತ್ತಲೂ ಟೇಪ್ ಹಚ್ಚಿದ್ದರಿಂದ ಧೂಳು, ಹುಳ ಒಳಗೆ ಹೋಗಲ್ಲ. 12×18 ಅಳತೆಗೆ 850 ರೂಪಾಯಿ ಆಯಿತು, ಮಾಡಿದ ಕೆಲಸಕ್ಕೆ ಜಾಸ್ತಿ ಅಲ್ಲ.

ಒಂದೇ ದೂರು. ಮೂರು ದಿನ ಅಂದವರು ಏಳು ದಿನ ತೆಗೆದುಕೊಂಡರು, ಎರಡು ಸಲ ಸುಮ್ನೆ ಹೋಗಿ ಬಂದೆ. ಫೋನ್ ಮಾಡಿಕೊಂಡೇ ಹೋಗಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ.