ಎಂಟು ಚಕ್ರ, ಮೂರು ತರಗತಿ

ನಮ್ಮ ಮಾವನವರು ಕೆಎಸ್‌ಆರ್‌ಟಿಸಿಯಲ್ಲಿ ಸಂಚಾರ ನಿಯಂತ್ರಕರಾಗಿದ್ದು ನಿವೃತ್ತರಾದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಮೂವತ್ತು ವರ್ಷ ಬರೆದ ಕೈ. ಮೊಮ್ಮಗಳನ್ನು ಸ್ಕೇಟಿಂಗ್ ತರಗತಿಗೆ ಕರೆದುಕೊಂಡು ಹೋಗುವ ಹೊಣೆ ಹೆಗಲಿಗೆ ಬಿದ್ದಾಗ ಆ ಕೈ ಸುಮ್ಮನೆ ಕೂರಲಿಲ್ಲ. ಕೈಯಲ್ಲಿನ ಎಚ್‌ಎಂಟಿ ಗಡಿಯಾರ ನೋಡುತ್ತ, ಒಂದು ಗಂಟೆಯಲ್ಲಿ ಮಗುವಿನ ಚಕ್ರ ಉರುಳಿದ್ದು ಎಷ್ಟು ನಿಮಿಷ, ಸಾಲಿನಲ್ಲಿ ನಿಂತಿದ್ದು ಎಷ್ಟು ನಿಮಿಷ ಎಂದು ಜೇಬಿನ ಡೈರಿಯಲ್ಲಿ ಗುರುತು ಹಾಕಿಕೊಂಡರು. ಇಲ್ಲಿರುವ ಲೆಕ್ಕವೆಲ್ಲ ಆ ಡೈರಿಯದು. ಸಿಟ್ಟು ಸೆಡವು ಮಾತ್ರ ನನ್ನದು.

ಮಗಳಿಗೆ ಆರು ವರ್ಷ. ಬನಶಂಕರಿ, ಜಯನಗರದ ಆಸುಪಾಸಿನ ಮೂರು ಗುಂಪು ತರಗತಿಗಳಲ್ಲಿ ಒಂದೊಂದು ತಿಂಗಳು ಕಲಿತಳು. ಫೆಬ್ರವರಿಯಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಮಾರ್ಚ್‌ನಲ್ಲಿ ಉದ್ಯಾನದ ರಿಂಕ್ (ಸ್ಕೇಟಿಂಗ್‌ಗೆಂದೇ ಮಾಡಿದ ಸಿಮೆಂಟಿನ ಅಂಗಳ), ಏಪ್ರಿಲ್‌ನಲ್ಲಿ ಶಾಲೆಯ ಅಂಗಳದಲ್ಲಿ ನಡೆಯುವ ಅಕಾಡೆಮಿ. ಹೆಸರು ಹೇಳುವುದಿಲ್ಲ. ಪ್ರತಿ ತಿಂಗಳ ಕೊನೆಯ ಭಾನುವಾರ ಅವಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದೆವು. ಅಂದು ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಡಾಂಬರು ರಸ್ತೆಯ ತುಂಬ ಮಕ್ಕಳು, ನಾಯಿಗಳು, ಸೈಕಲ್‌ಗಳು. ನಮ್ಮ ಪಾಲಿಗೆ ಅದೇ ಪರೀಕ್ಷಾ ಕೊಠಡಿ.

ಬೂಟಿನ ವಿಷಯ ಒಂದಿಷ್ಟು. ನಾವು ಕೊಂಡದ್ದು ಕ್ವಾಡ್: ಮುಂದೆ ಎರಡು ಹಿಂದೆ ಎರಡು ಚಕ್ರ, ಬೆರಳ ತುದಿಯಲ್ಲಿ ರಬ್ಬರಿನ ಗಾಲಿತಡೆ. ಒಂದೇ ಗೆರೆಯಲ್ಲಿ ಚಕ್ರಗಳಿರುವ ಇನ್‌ಲೈನ್ ವೇಗಕ್ಕೆ ಒಳ್ಳೆಯದು, ನೋಡಲೂ ಚೆಂದ. ಆದರೆ ಬೂಟು ಕೊಂಚ ಸಡಿಲವಾಗಿದ್ದರೂ ಎಳೆಯ ಕಾಲಿನ ಹರಡು ಒಳಕ್ಕೆ ವಾಲುತ್ತದೆ. ಕ್ವಾಡ್‌ನಲ್ಲಿ ಮಗು ಕನಿಷ್ಠ ನಿಂತಲ್ಲಿ ನಿಲ್ಲುತ್ತದೆ. ಪಾನಾ ಹಾಕಿ ಉದ್ದ ಹೆಚ್ಚಿಸಬಹುದಾದ ಮಾದರಿ ತೆಗೆದುಕೊಂಡರೆ ಎರಡು ವರ್ಷ ನಡೆಯುತ್ತದೆ. ಚಕ್ರದ ನಟ್ಟು ವಾರಕ್ಕೊಮ್ಮೆ ಸಡಿಲವಾಗುತ್ತದೆ, ನೋಡಿಕೊಳ್ಳಬೇಕು.

ನೆಲಮಾಳಿಗೆಯ ತರಗತಿಯನ್ನು ಬೈಯುವುದು ಸುಲಭ, ಅದಕ್ಕೇ ಮೊದಲು ಹೊಗಳುತ್ತೇನೆ. ಲಿಫ್ಟಿನಲ್ಲಿ ಇಳಿದರೆ ತರಗತಿ. ಮಳೆಯಿಲ್ಲ, ಬಿಸಿಲಿಲ್ಲ. ಸರ್ ತುಂಬ ಅಕ್ಕರೆಯವರು, ಅಳುವ ಮಗುವನ್ನು ಎರಡೇ ನಿಮಿಷದಲ್ಲಿ ನಗಿಸುತ್ತಿದ್ದರು. ತಿಂಗಳಿಗೆ ಎಂಟು ತರಗತಿ, 1,500 ರೂಪಾಯಿ. ನಾಲ್ಕನೆಯ ದಿನಕ್ಕೆಲ್ಲ ನಮ್ಮವಳು ಗೋಡೆಯಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ ಜಾರುತ್ತಿದ್ದಳು. ನಾನು ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿಗೆಲ್ಲ ಕಳಿಸಿದ್ದೂ ಆಯಿತು.

ಮಾವನವರ ಡೈರಿ ಬೇರೆ ಕಥೆ ಹೇಳಿತು. ಮಕ್ಕಳು ಹದಿನಾಲ್ಕು, ಕಲಿಸುವವರು ಒಬ್ಬರು. ಒಬ್ಬೊಬ್ಬರನ್ನೇ ಕೈಹಿಡಿದು ಎಳೆಯುವುದು, ಉಳಿದವರು ಪಡಿತರ ಅಂಗಡಿಯ ಮುಂದೆ ನಿಂತಂತೆ ನಿಲ್ಲುವುದು. ಅರವತ್ತು ನಿಮಿಷದಲ್ಲಿ ಚಕ್ರ ಉರುಳಿದ್ದು ಹದಿನೇಳು. ಆರೂವರೆಗೆ ಕಚೇರಿಯಿಂದ ಕಾರುಗಳು ಬರತೊಡಗಿದರೆ ಅದೂ ಇಲ್ಲ. ಇನ್ನೂ ಒಂದು ಕೊರತೆಯನ್ನು ನಾನು ಕಂಡದ್ದು ತಡವಾಗಿ. ನಿಲ್ಲುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಗೋಡೆ ಬಂದಾಗ ಎರಡೂ ಅಂಗೈ ಚಾಚಿ ಅದಕ್ಕೆ ಬಡಿದು ನಿಲ್ಲುತ್ತಿದ್ದಳು. ಕಬ್ಬನ್ ಪಾರ್ಕಿನಲ್ಲಿ ಗೋಡೆ ಎಲ್ಲಿಂದ ಬರಬೇಕು? ಸಣ್ಣ ಇಳಿಜಾರು ಕಂಡದ್ದೇ ತಡ, ಅಜ್ಜನ ಪಂಚೆ ಹಿಡಿದುಕೊಂಡಳು. ಪಂಚೆಯ ಮಾನ ಉಳಿಯಿತು, ಅಷ್ಟೇ. ಎರಡನೆಯ ವಾರದಲ್ಲಿ ತಲೆಯಲ್ಲಿ ಹೇನು ಕಾಣಿಸಿದ್ದು ಎಲ್ಲರೂ ಹಂಚಿಕೊಳ್ಳುತ್ತಿದ್ದ ಹೆಲ್ಮೆಟ್ಟಿನ ಕೊಡುಗೆಯೆಂದು ನನ್ನ ಅನುಮಾನ. ಹೆಲ್ಮೆಟ್ ಮಾತ್ರ ಸ್ವಂತದ್ದೇ ಇರಲಿ. ಗಲ್ಲದ ಪಟ್ಟಿಯ ಒಳಗೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು.

ಉದ್ಯಾನದ ರಿಂಕ್‌ಗೆ ಬೆಳಗ್ಗೆ ಆರೂಕಾಲಿಗೆ ಹಾಜರಾಗಬೇಕು. ಮಾವನವರಿಗೆ ಅದು ಸುಖದ ಹೊತ್ತು, ನನಗೆ ಶಿಕ್ಷೆ. ಶುಲ್ಕ 1,000 ರೂಪಾಯಿ, ವಾರಕ್ಕೆ ಮೂರು ದಿನ. ಇಪ್ಪತ್ತನಾಲ್ಕು ಮಕ್ಕಳನ್ನು ನೋಡಿ ನಾನು ಎದೆಗುಂದಿದ್ದೆ. ಮೇಡಂ ಮೊದಲ ದಿನ ರಿಂಕ್‌ಗೆ ಕಾಲಿಡಲೇ ಬಿಡಲಿಲ್ಲ. ಹೊಸ ಮಕ್ಕಳನ್ನೆಲ್ಲ ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ, ಸ್ಕೇಟ್ ತೊಡಿಸಿ, “ಈಗ ಎಲ್ಲರೂ ಬೀಳಿ” ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಹಾಗೆ ಹೇಳಿರಲಿಲ್ಲ.

ಬೀಳುವುದಕ್ಕೂ ಒಂದು ಕ್ರಮವಿದೆ ಎಂದು ನನಗೂ ಅಂದೇ ತಿಳಿದದ್ದು. ತೂಕ ತಪ್ಪಿತು ಅನ್ನಿಸಿದ ಕೂಡಲೇ ಮಂಡಿ ಬಗ್ಗಿಸಿ ಕುಕ್ಕರಿಸಬೇಕು. ಎತ್ತರ ಕಡಿಮೆಯಾದಷ್ಟು ಪೆಟ್ಟು ಕಡಿಮೆ. ಹಿಂದಕ್ಕೆ ಬೀಳಬಾರದು, ಪಕ್ಕಕ್ಕೆ, ತೊಡೆ ಮತ್ತು ಪೃಷ್ಠದ ಮಾಂಸಲ ಭಾಗದ ಮೇಲೆ ಬೀಳಬೇಕು. ಅಂಗೈ ಊರಬಾರದು. ಚಕ್ರದ ಬೂಟು ತೊಟ್ಟವರಲ್ಲಿ ಹೆಚ್ಚಾಗಿ ಮುರಿಯುವುದು ಮಣಿಕಟ್ಟು, ಅದಕ್ಕೆ ಕಾರಣ ಹೀಗೆ ಚಾಚಿದ ಅಂಗೈ. (ನೆಲಮಾಳಿಗೆಯ ಗೋಡೆ ನೆನಪಾಗಿ ನನಗೆ ಮೈ ಜುಮ್ಮೆಂದಿತು.) ಬಿದ್ದ ಮೇಲೆ ಕೈ ಮುಷ್ಟಿ ಕಟ್ಟಬೇಕು, ಹಿಂದಿನಿಂದ ಬರುವವರ ಚಕ್ರ ಬೆರಳಿನ ಮೇಲೆ ಹರಿಯದಿರಲಿ ಎಂದು. ಆಮೇಲೆ ಒಂದು ಮಂಡಿ ಊರಿ, ಇನ್ನೊಂದು ಪಾದ ನೆಲಕ್ಕಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಅಪ್ಪ ಅಮ್ಮ ಓಡಿಬಂದು ಎತ್ತುವಂತಿಲ್ಲ. ನಾನು ಒಮ್ಮೆ ಎರಡು ಹೆಜ್ಜೆ ಮುಂದಿಟ್ಟದ್ದಕ್ಕೆ ಮೇಡಂ ಅಷ್ಟು ದೂರದಿಂದಲೇ ಕಣ್ಣುಬಿಟ್ಟರು. ಮಗಳು ಅಂದು ಇಪ್ಪತ್ತು ಸಲ ಬಿದ್ದು ಇಪ್ಪತ್ತು ಸಲ ಎದ್ದಳು. ಮನೆಗೆ ಬಂದು ಸೋಫಾದಿಂದಲೂ ಬಿದ್ದು ತೋರಿಸಿದಳು.

ಎರಡನೆಯ ವಾರದಿಂದ ರಿಂಕ್. ಅಲ್ಲಿ ಸಾಲು ನಿಲ್ಲುವ ಮಾತೇ ಇಲ್ಲ. ಎಲ್ಲರೂ ಅಂಚಿನಲ್ಲಿ ಸುತ್ತುತ್ತಲೇ ಇರಬೇಕು. ಆರಾರು ಮಕ್ಕಳನ್ನು ನಡುವಿಗೆ ಕರೆದು ಒಂದು ಪಾಠ ಹೇಳಿ ಮತ್ತೆ ಸುತ್ತಿಗೆ ಅಟ್ಟುವುದು. ತಿರುವುಗಳಲ್ಲಿ ಇಬ್ಬರು ಹಿರಿಯ ವಿದ್ಯಾರ್ಥಿಗಳ ಕಾವಲು. ಡೈರಿಯ ಪ್ರಕಾರ ಮೂವತ್ತಾರು ನಿಮಿಷ. ಮಕ್ಕಳ ಸಂಖ್ಯೆ ನೋಡಿ ಗಾಬರಿಯಾಗಿದ್ದ ನನಗೆ ಇದು ಒಗಟಾಗಿತ್ತು. ಬಿಡಿಸಿದವಳು ಕೆನಡಾದ ಬ್ರಾಂಪ್ಟನ್‌ನಲ್ಲಿರುವ ನನ್ನ ತಂಗಿ. ಅವಳ ಮಗ ಮಂಜಿನ ಮೇಲೆ ಕಲಿಯುತ್ತಿರುವುದು ಅಲ್ಲಿನ ಸ್ಕೇಟ್ ಕೆನಡಾ ಸಂಸ್ಥೆಯ ಕ್ಯಾನ್‌ಸ್ಕೇಟ್ ಪದ್ಧತಿಯಲ್ಲಿ. ಹತ್ತು ಮಕ್ಕಳಿಗೆ ಒಬ್ಬ ತರಬೇತುದಾರ ಎನ್ನುವುದು ಅಲ್ಲಿ ಮಿತಿ, ಕಲಿಯಲು ಬಂದವರಿಗೆ ಹೆಲ್ಮೆಟ್ ಕಡ್ಡಾಯ, ಮತ್ತು ಮಕ್ಕಳು ನಿಲ್ಲದೆ ಚಲಿಸುತ್ತಿರಬೇಕು. ನಮ್ಮ ಮೇಡಂ ಕೆನಡಾ ಕಂಡವರಲ್ಲ. ಚಳಿಯಲ್ಲಿ ನಿಂತ ಮಗು ಅಳುತ್ತದೆ, ಓಡಿದ ಮಗು ಅಳುವುದಿಲ್ಲ ಎಂದು ಅವರೇ ಕಂಡುಕೊಂಡದ್ದಂತೆ.

ಕಿರಿಕಿರಿಗಳೂ ಇವೆ. ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರಲ್ಲಿದೆಯೋ ದೇವರೇ ಬಲ್ಲ. ಸಿಮೆಂಟಿನ ಒಂದು ಬಿರುಕು ಸರಿಯಾಗಿ ತಿರುವಿನಲ್ಲೇ ಇದೆ. ಮಾರ್ಚ್ ಕೊನೆಗೆ ಹೊಂಗೆ ಹೂ ಉದುರತೊಡಗಿದಾಗ ರಿಂಕ್ ಮೇಲೆ ಹಾಸಿಗೆ ಹಾಸಿದಂತಿತ್ತು. ಕಣ್ಣಿಗೆ ಹಬ್ಬ, ಚಕ್ರಕ್ಕೆ ಸಾಬೂನು. ಸರದಿಯ ಮೇಲೆ ಪೋಷಕರೇ ಪೊರಕೆ ಹಿಡಿದೆವು. ಮೇಡಂ ಗದರುತ್ತಾರೆ, ಅದು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ನಮ್ಮ ಜೊತೆ ಸೇರಿದ ಇಬ್ಬರು ಮೂರನೆಯ ವಾರ ಬರಲಿಲ್ಲ. ಆ ತಿಂಗಳ ಕಬ್ಬನ್ ಪಾರ್ಕಿನಲ್ಲಿ ಎದುರಿಗೆ ನಾಯಿಯೊಂದು ಅಡ್ಡ ಬಂತು. ನಮ್ಮವಳು ಎರಡೂ ಹಿಮ್ಮಡಿ ಹೊರಕ್ಕೆ ತಳ್ಳಿ, ಬೆರಳ ತುದಿ ಒಳಕ್ಕೆ ತಿರುಗಿಸಿ, ನೇಗಿಲು ಕಚ್ಚಿದಂತೆ ನಿಂತಳು. ನಾಯಿ ಅವಳನ್ನು ಮೂಸಿ ಹೋಯಿತು.

ಇನ್ನು ಅಕಾಡೆಮಿ. ಹತ್ತೇ ಮಕ್ಕಳು, ನಲವತ್ತೊಂದು ನಿಮಿಷ. ಡೈರಿಯಲ್ಲಿ ಇದೇ ಮೊದಲನೆಯದು. ಕಲಿಸುವಿಕೆಯಲ್ಲೂ ಹುಳುಕಿಲ್ಲ. “ಬೆಂಡ್, ಬೆಂಡ್” ಎಂಬ ಕೂಗು ಮೂರೂ ಕಡೆ ಕೇಳುತ್ತದೆ, ಆದರೆ ಏಕೆ ಬಗ್ಗಬೇಕೆಂದು ಹೇಳಿದವರು ಇಲ್ಲಿನ ತರಬೇತುದಾರರೊಬ್ಬರೇ. ನೇರ ಕಾಲಿನಿಂದ ಹಿಂದಕ್ಕೆ ಒದೆಯಬಹುದು ಅಷ್ಟೆ. ಬಗ್ಗಿದ ಕಾಲು ಪಕ್ಕಕ್ಕೆ ತಳ್ಳುತ್ತದೆ, ಚಕ್ರ ಓಡುವುದು ಆ ಪಕ್ಕದ ತಳ್ಳಿಗೆ. ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದು ಕಾಲು ಎಲ್ಲಿಯವರೆಗೆ ಹೋಗಬೇಕೆಂದು ತೋರಿಸಿದರು. ಒಂದೇ ವಾರದಲ್ಲಿ ಮಗಳ ನಡೆ ಬದಲಾಯಿತು.

ಮೂರನೆಯ ವಾರ ಗೇಟಿನ ಬಳಿ ನನ್ನನ್ನು ಕರೆದು, “ಮೇಡಂ, ಇವಳಲ್ಲಿ ಪ್ರತಿಭೆ ಇದೆ, ಇನ್‌ಲೈನ್ ತೆಗೆದುಕೊಳ್ಳಿ, ನಮ್ಮಲ್ಲೇ ಸಿಗುತ್ತದೆ” ಎಂದರು. 9,500 ರೂಪಾಯಿ. ಮುಂದಿನ ತಿಂಗಳು ಸ್ಪರ್ಧೆ, ಪ್ರವೇಶ ಶುಲ್ಕ ಬೇರೆ, ಪಾಲ್ಗೊಂಡವರಿಗೆಲ್ಲ ಪದಕ. ಅವರ ಉತ್ಸಾಹ ನನಗೆ ಅರ್ಥವಾಗದ್ದೇನಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಭಾರತದ ಪುರುಷರೂ ಮಹಿಳೆಯರೂ ಸ್ಕೇಟಿಂಗ್‌ನ 3,000 ಮೀಟರ್ ರಿಲೆಯಲ್ಲಿ ಕಂಚು ತಂದರು. 2025ರಲ್ಲಿ ಚೆನ್ನೈಯ ಆನಂದಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್ನೇ ಆದರು. ಆದರೆ ನನ್ನೆದುರು ಇದ್ದದ್ದು ಮುಂದಿನ ಎರಡು ಹಲ್ಲು ಬಿದ್ದ, ಆರು ವರ್ಷದ ಮಗು. ಪ್ರತಿಭೆಯ ಮಾತನ್ನು ಅಂದು ಗೇಟಿನ ಬಳಿ ಒಂಬತ್ತು ಪೋಷಕರು ಕೇಳಿದರೆಂದು ಆಮೇಲೆ ಗೊತ್ತಾಯಿತು. ಹತ್ತನೆಯ ಮಗು ಅವರದೇ ಮಗ.

ಕಬ್ಬನ್ ಪಾರ್ಕಿನಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ವೇಗದ ಸ್ಪರ್ಧೆಯ ಸುತ್ತು ಯಾವಾಗಲೂ ಎಡಕ್ಕೆ ತಿರುಗುತ್ತದೆ, ಆದ್ದರಿಂದ ತಿಂಗಳಿಡೀ ಕಾಲಿನ ಮೇಲೆ ಕಾಲು ಹಾಕುವ ತಿರುವನ್ನು ಕಲಿಸಿದ್ದು ಎಡಕ್ಕೆ ಮಾತ್ರ. ನಮ್ಮವಳು ಗಾಳಿಯಂತೆ ಹೋದಳು. ಬಲಕ್ಕೆ ತಿರುಗಬೇಕಾದಲ್ಲಿ ನಿಂತು, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ತಿರುಗಿ, ಮತ್ತೆ ಗಾಳಿಯಂತೆ ಹೋದಳು. ಅಜ್ಜ ಡೈರಿಯಲ್ಲಿ “ಬಲಗಡೆ ಮಾರ್ಗ ರದ್ದು” ಎಂದು ಬರೆದರು.

ಈ ಹೋಲಿಕೆಯಲ್ಲಿ ಒಂದು ಅನ್ಯಾಯ ಇದ್ದೇ ಇದೆ. ಮೊದಲ ತಿಂಗಳ ಭಯವನ್ನೆಲ್ಲ ನೆಲಮಾಳಿಗೆ ಹೊತ್ತುಕೊಂಡಿತು, ಅಕಾಡೆಮಿಗೆ ಹೋಗುವ ಹೊತ್ತಿಗೆ ಮಗು ಅರ್ಧ ಕಲಿತಿತ್ತು. ಹಾಗಿದ್ದರೂ ನಾನು ಉದ್ಯಾನಕ್ಕೇ ಕಳಿಸುತ್ತಿದ್ದೇನೆ. ನಿಮ್ಮ ಮಗುವಿಗೆ ಎಂಟು ಒಂಬತ್ತು ವರ್ಷ ದಾಟಿದ್ದು, ಅದೇ ಬಾಯಿಬಿಟ್ಟು ಸ್ಪರ್ಧೆ ಬೇಕೆಂದರೆ ಅಕಾಡೆಮಿಗೆ ಹೋಗಿ. ಬೂಟು ಮಾತ್ರ ಹೊರಗಡೆ ಬೆಲೆ ವಿಚಾರಿಸಿ ಕೊಳ್ಳಿ. ನಾಲ್ಕು ವರ್ಷದ್ದಾದರೆ ಎಲ್ಲಿಗೂ ಬೇಡ, ಸ್ಕೇಟ್ ಕಟ್ಟಿ ಮನೆಯ ಕಾರ್ಪೆಟ್ ಮೇಲೆ ಬಾತುಕೋಳಿಯಂತೆ ನಡೆಸಿ.

ಜೂನ್‌ನಲ್ಲಿ ಮಳೆ ಹಿಡಿದರೆ ರಿಂಕ್ ನಡೆಯುವುದಿಲ್ಲ. ಚಕ್ರದ ಬೇರಿಂಗ್ ನೆನೆದರೆ ತುಕ್ಕು ಹಿಡಿದು ಕಿರುಗುಟ್ಟುತ್ತದೆ. ಮಳೆಯ ಎರಡು ತಿಂಗಳು ನೆಲಮಾಳಿಗೆಗೇ ಹೋಗುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ. ಅಲ್ಲಿನ ಸರ್‌ಗೆ ಬೀಳುವುದನ್ನು ತಾನೇ ಹೇಳಿಕೊಡುತ್ತೇನೆ ಎಂದು ಮಗಳು ಪಟ್ಟು ಹಿಡಿದಿದ್ದಾಳೆ. ಅಜ್ಜ ಹೊಸ ಡೈರಿ ತಂದಿಟ್ಟಿದ್ದಾರೆ.