ಸಿಗಡಿ ಅಲರ್ಜಿಯ ತಪಾಸಣೆ: ಮಂಗಳೂರಿನ ಒಂದು ಅಲರ್ಜಿ ಕ್ಲಿನಿಕ್ಕಿನ ವಿಮರ್ಶೆ

ಸಿಗಡಿ, ಏಡಿ, ಮರುವಾಯಿ ಇಲ್ಲದ ಊಟ ಕರಾವಳಿಯ ಮನೆಗಳಲ್ಲಿ ಅಪರೂಪ. ಇವನ್ನು ಜೀವಮಾನವಿಡೀ ಮುಟ್ಟಬಾರದೆಂದು ಒಬ್ಬ ಹುಡುಗನಿಗೆ ಹೇಳಬೇಕಾದರೆ ಕಾರಣ ಗಟ್ಟಿಯಾಗಿರಬೇಕು. ನನ್ನ ತಂಗಿಯ ಮಗನ ವಿಷಯದಲ್ಲಿ ಈ ಕ್ಲಿನಿಕ್ ಆ ಕಾರಣವನ್ನು ತಾಳ್ಮೆಯಿಂದ ಪರಿಶೀಲಿಸಿತು ಎಂಬುದೇ ನಾನು ಅದನ್ನು ಮೆಚ್ಚಲು ಮುಖ್ಯ ಕಾರಣ.

ಅವನಿಗೆ ಬೆಳಗಾದರೆ ಸೀನು, ಮೂಗು ಕಟ್ಟುವುದು ಇದ್ದೇ ಇತ್ತು. ಒಮ್ಮೆ ಔತಣದ ಊಟದ ನಂತರ ತುಟಿ ತುರಿಸಿತ್ತು. ಹಲವು ವಸ್ತುಗಳ ಅಲರ್ಜಿಯನ್ನು ಒಟ್ಟಿಗೇ ನೋಡುವ ರಿಯಾಯಿತಿ ದರದ ಅಲರ್ಜಿ ಪ್ಯಾನೆಲ್ ರಕ್ತಪರೀಕ್ಷೆ ಮಾಡಿಸಿದಾಗ, ಧೂಳಿನ ನುಸಿ, ಅಂದರೆ ಡಸ್ಟ್ ಮೈಟ್, ಮತ್ತು ಸಿಗಡಿ ಎರಡರ ಎದುರಿಗೂ ಪಾಸಿಟಿವ್ ಎಂದು ಬಂತು. ಪ್ರಯೋಗಾಲಯದವರು ವರದಿಯ ಜೊತೆಗೆ ವರ್ಜ್ಯ ಆಹಾರಗಳ ಪಟ್ಟಿಯೊಂದನ್ನು ಕೊಟ್ಟರೇ ಹೊರತು ಹುಡುಗನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕ್ಲಿನಿಕ್ಕಿನ ವೈದ್ಯೆ ಆ ವರದಿಯನ್ನು ಬದಿಗಿಟ್ಟು, "ಮೊದಲು ಏನು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಅದನ್ನು ಹೇಳಿ" ಎಂದರು. ಬಳಿಕ ಅವರು ವಿವರಿಸಿದ್ದು ಇಷ್ಟು: ಟ್ರೋಪೋಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು ಸಿಗಡಿ, ಏಡಿ, ಜಿರಳೆ, ನುಸಿ ಎಲ್ಲದರಲ್ಲೂ ಇದೆ, ಸಿಗಡಿಯದಕ್ಕೂ ನುಸಿಯದಕ್ಕೂ ಸುಮಾರು ಶೇ 80ರಷ್ಟು ಹೋಲಿಕೆ ಇರುವುದರಿಂದ, ನುಸಿಯ ವಿರುದ್ಧ ದೇಹ ತಯಾರಿಸಿಕೊಂಡ, ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯಗಳು ಸಿಗಡಿಯ ಪ್ರೋಟೀನಿಗೂ ಅಂಟಿಕೊಳ್ಳಬಲ್ಲವು. ಧರ್ಮದ ಕಟ್ಟಳೆಯಿಂದ ಸಿಗಡಿಯನ್ನೇ ತಿನ್ನದ ಸಂಪ್ರದಾಯಸ್ಥ ಯಹೂದಿಗಳಲ್ಲಿ, ಅವರಿಗೆ ನುಸಿಯ ಅಲರ್ಜಿ ಇದ್ದಾಗ, ಇಂಥ ಪ್ರತಿಕಾಯಗಳು ಇರುವುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮಲ್ಲಿ ಹುಟ್ಟು ಸಸ್ಯಾಹಾರಿಗಳ ವರದಿಯಲ್ಲಿ ಸಿಗಡಿ ಪಾಸಿಟಿವ್ ಬಂದರೂ ಬೆರಗಾಗಬೇಕಿಲ್ಲ.

ಚರ್ಮಪರೀಕ್ಷೆಗೆ ಮನೆಯಿಂದಲೇ ಹಸಿ ಮತ್ತು ಬೇಯಿಸಿದ ಸಿಗಡಿಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತರಲು ಹೇಳಿದ್ದರು. ನರ್ಸ್ ಮುಂಗೈಯ ಒಳಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಸೂಜಿಯನ್ನು ಮೊದಲು ಸಿಗಡಿಗೂ ನಂತರ ಚರ್ಮಕ್ಕೂ ಚುಚ್ಚಿದರು. ಹೋಲಿಕೆಗೆಂದು, ದದ್ದು ಎಬ್ಬಿಸುವ ಹಿಸ್ಟಮಿನ್ ಮತ್ತು ಎಬ್ಬಿಸದ ಉಪ್ಪುನೀರಿನ ಹನಿಗಳೂ ಇದ್ದವು. ಸುಮಾರು 15 ನಿಮಿಷದ ನಂತರ ಎದ್ದ ದದ್ದುಗಳ ಅಂಚನ್ನು ಶಾಯಿಯಲ್ಲಿ ಬರೆದು, ಪಾರದರ್ಶಕ ಟೇಪಿಗೆ ಇಳಿಸಿಕೊಂಡು, ಹಾಳೆಗೆ ಅಂಟಿಸಿ ಅಳೆದರು. ಉಪ್ಪುನೀರಿಗಿಂತ 3 ಮಿಲಿಮೀಟರ್ ದೊಡ್ಡದಾದರೆ ಪಾಸಿಟಿವ್. ನುಸಿಯ ದದ್ದು ದೊಡ್ಡದಿತ್ತು, ಸಿಗಡಿಯದು ಗಡಿಯಂಚಿನಲ್ಲಿತ್ತು. ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ನೋಡುವ ರಕ್ತಪರೀಕ್ಷೆ ಟ್ರೋಪೋಮಯೋಸಿನ್ ಕಡೆಗೇ ಬೆರಳು ತೋರಿಸಿತಾದರೂ, ತಿಂದರೆ ಏನಾಗುತ್ತದೆಂಬುದನ್ನು ಅದೂ ಹೇಳಲಾರದು.

ಅದನ್ನು ತೀರ್ಮಾನಿಸುವುದು ವೈದ್ಯರ ಕಣ್ಣೆದುರು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ತಿನ್ನಿಸಿ ನೋಡುವ ಪರೀಕ್ಷೆ. ಈ ಸೌಲಭ್ಯ ಕ್ಲಿನಿಕ್ಕಿನಲ್ಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ತೀವ್ರ ಅಲರ್ಜಿಯಾದರೆ ತಕ್ಷಣ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲೇ ಇಟ್ಟುಕೊಂಡು ಪರೀಕ್ಷಿಸಿದರು. ಹುಡುಗ ಪೂರ್ತಿ ಪ್ರಮಾಣದ ಸಿಗಡಿ ತಿಂದ, ಏನೂ ಆಗಲಿಲ್ಲ. ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು: ಟ್ರೋಪೋಮಯೋಸಿನ್ ಬೇಯಿಸಿದರೂ ನಾಶವಾಗುವುದಿಲ್ಲ, ನಿಜವಾದ ಅಲರ್ಜಿ ಇರುವವರಿಗೆ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಪ್ಯಾನೆಲ್ ವರದಿಯೊಂದನ್ನೇ ನಂಬಿ ಆಹಾರ ಬಿಡುವುದೂ ಅದನ್ನು ಕಡೆಗಣಿಸಿ ತಿನ್ನುವುದೂ ನನ್ನ ದೃಷ್ಟಿಯಲ್ಲಿ ಸಮಾನ ತಪ್ಪುಗಳು.

ಕೊರತೆಗಳೂ ಇವೆ. ಬಿಡಿ ಪ್ರೋಟೀನುಗಳ ಪರೀಕ್ಷೆ ದುಬಾರಿ, ಆ ವೆಚ್ಚವನ್ನು ಮೊದಲೇ ತಿಳಿಸಲಿಲ್ಲ. ಚರ್ಮಪರೀಕ್ಷೆಗೆ ಮುನ್ನ ಕೆಲವು ದಿನ ಸೀನಿನ ಮಾತ್ರೆಗಳನ್ನು ನಿಲ್ಲಿಸಬೇಕೆಂಬುದನ್ನು ಫೋನಿನಲ್ಲಿ ಎಲ್ಲರಿಗೂ ಹೇಳುವುದಿಲ್ಲ. ದೂರದಿಂದ ಬಂದ ಕುಟುಂಬವೊಂದು ಅದೇ ಕಾರಣಕ್ಕೆ ಮರಳಿ ಹೋದದ್ದನ್ನು ಕಂಡೆ. ಹೋಗುವವರು ಯಾವ ಮಾತ್ರೆಯನ್ನು ಎಂದಿನಿಂದ ನಿಲ್ಲಿಸಬೇಕೆಂದು ತಾವಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು.