ಗ್ಯಾಲರಿ ಪ್ಲಗಿನ್ ನಂಬುವ ಮುನ್ನ ಅದನ್ನು ಒಮ್ಮೆ ತೆಗೆದು ನೋಡಿ

ಬ್ಲಾಗಿನ ಚಿತ್ರಗಳನ್ನೆಲ್ಲ ಯಾವುದೋ ಉಚಿತ ಗ್ಯಾಲರಿ ಸೇವೆಯ ಸರ್ವರ್‌ಗೆ ಏರಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ವರ್ಡ್‌ಪ್ರೆಸ್‌ನಲ್ಲಿರುವ ಕನ್ನಡ ಅಡುಗೆ ಬ್ಲಾಗೊಂದಕ್ಕೆ ಆದದ್ದು ಇದು. ಪ್ರತಿ ಅಡುಗೆಗೂ ಹಂತಹಂತದ ಫೋಟೊ, ಪ್ರತಿ ಫೋಟೊದ ಕೆಳಗೆ ಒಂದೆರಡು ಸಾಲಿನ ವಿವರಣೆ, ಎಲ್ಲವನ್ನೂ ಅಂಥ ಸೇವೆಯೊಂದು ಕೊಟ್ಟ, ಬ್ಲಾಗಿಗೆ ಸೇರಿಸಿಕೊಳ್ಳುವ ಕಿರುತಂತ್ರಾಂಶವಾದ ಪ್ಲಗಿನ್‌ನೊಳಗೇ ತುಂಬಿಸಲಾಗಿತ್ತು. ಒಂದು ದಿನ ಆ ಸೇವೆಯ ಕಂಪನಿ ಉಚಿತ ಖಾತೆಗಳಿಗೆ ತಿಂಗಳ ವೀಕ್ಷಣೆಯ ಮಿತಿ ಹಾಕಿತು. ಮಿತಿ ದಾಟಿದ ಕೂಡಲೇ ಫೋಟೊಗಳಿದ್ದಲ್ಲಿ ಬೂದು ಚೌಕಗಳು. ಪ್ಲಗಿನ್ ಬೇಡವೆಂದು ತೆಗೆದುಹಾಕಿದರೆ ಇನ್ನೂ ಕಷ್ಟ: ಬರಹದ ನಡುನಡುವೆ ಚೌಕ ಆವರಣದೊಳಗೆ ಒಂದು ಹೆಸರು, ಒಂದು ಸಂಖ್ಯೆ. ಬೇರೇನೂ ಉಳಿದಿರಲಿಲ್ಲ.

ಹೀಗಾಗುವುದಕ್ಕೆ ಕಾರಣವಿದೆ. ಶಾರ್ಟ್‌ಕೋಡ್ (ಚೌಕ ಆವರಣದೊಳಗಿನ ಆ ಗುರುತು) ಬಳಸುವ ಇಂಥ ಪ್ಲಗಿನ್‌ಗಳಲ್ಲಿ ನಿಮ್ಮ ಬರಹದೊಳಗೆ ಇರುವುದು ಆ ಸಂಖ್ಯೆ ಮಾತ್ರ. ಚಿತ್ರ ಕಂಪನಿಯ ಸರ್ವರ್‌ನಲ್ಲಿ, ವಿವರಣೆ ಡೇಟಾಬೇಸ್‌ನಲ್ಲಿ ಪ್ಲಗಿನ್ ತಾನೇ ಮಾಡಿಕೊಂಡ ಕೋಷ್ಟಕದಲ್ಲಿ. ವರ್ಡ್‌ಪ್ರೆಸ್‌ನ 'ಟೂಲ್ಸ್ – ಎಕ್ಸ್‌ಪೋರ್ಟ್' ಆ ಕೋಷ್ಟಕವನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು: 'ಡಿಆ್ಯಕ್ಟಿವೇಟ್' ಒತ್ತಿದರೆ ಸಾಮಾನ್ಯವಾಗಿ ಕೋಷ್ಟಕ ಉಳಿದಿರುತ್ತದೆ, 'ಡಿಲೀಟ್' ಒತ್ತಿದರೆ ಹಲವು ಪ್ಲಗಿನ್‌ಗಳು ಅದನ್ನೂ ಅಳಿಸಿಬಿಡುತ್ತವೆ. ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ ಕೈಯಲ್ಲಿಲ್ಲದೆ ಡಿಲೀಟ್ ಒತ್ತಲೇಬೇಡಿ.

ಆ ಸೇವೆ ಕೊಟ್ಟ 'ನಿಮ್ಮ ಮಾಹಿತಿಯ ಪ್ರತಿ' ಒಂದು ಸಿಎಸ್‌ವಿ ಕಡತ (ಕೋಷ್ಟಕದ ಮಾಹಿತಿಯನ್ನು ಬರೀ ಪಠ್ಯವಾಗಿ ಇಡುವ ಕಡತ). ಅದರಲ್ಲಿ ಚಿತ್ರಗಳಿರಲಿಲ್ಲ, ಅವರದೇ ಸರ್ವರ್‌ನ ಕೊಂಡಿಗಳಿದ್ದವು. ವಿವರಣೆಗಳು ಇದ್ದವು, ಆದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಂಡಿತು. ಇಂಥ ಕಡತವನ್ನು ಹಾಗೆಯೇ ಸೇವ್ ಮಾಡಿದರೆ ಇದ್ದದ್ದೂ ಕೆಡುತ್ತದೆ. ಮೊದಲು ಅದರ ನಕಲು ಇಟ್ಟುಕೊಳ್ಳಿ. ಆಮೇಲೆ ಎಕ್ಸೆಲ್‌ನ ಖಾಲಿ ಹಾಳೆ ತೆರೆದು, 'ಡೇಟಾ' ಪಟ್ಟಿಯಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ '65001 ಯುನಿಕೋಡ್ ಯುಟಿಎಫ್-8' ಹಾಕಿ. ಅಕ್ಷರಗಳು ಸರಿಯಾಗಿ ಬರುತ್ತವೆ. ಖಾತೆ ಜೀವಂತವಿರುವಾಗಲೇ ಆ ಕೊಂಡಿಗಳಿಂದ ಚಿತ್ರಗಳನ್ನೂ ಇಳಿಸಿಕೊಳ್ಳಿ, ಆಮೇಲೆ ಯಾರೂ ಕೊಡುವುದಿಲ್ಲ.

ಇದು ಒಂದು ಕಂಪನಿಯ ದುರ್ಬುದ್ಧಿ ಎಂದುಕೊಂಡು ಸುಮ್ಮನಾಗುವಂತಿಲ್ಲ. ಚಿತ್ರಗಳನ್ನು ಇಟ್ಟುಕೊಳ್ಳುವ ಫೋಟೊಬಕೆಟ್ ಸೇವೆ 2017ರ ಮಧ್ಯದಲ್ಲಿ ನಿಯಮ ಬದಲಿಸಿ, ಬೇರೆ ತಾಣಗಳಲ್ಲಿ ಚಿತ್ರ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೇಳಿತು. ಜಗತ್ತಿನಾದ್ಯಂತ ಹಳೆಯ ಬರಹಗಳ ಚಿತ್ರಗಳು ಮಾಯವಾದವು. ಪದದ ಮೇಲೆ ವಿಡಿಯೊ, ಚಿತ್ರ ತೆರೆದು ತೋರಿಸುತ್ತಿದ್ದ ಆಪ್ಚರ್ ಎಂಬ ಸೊಗಸಾದ ಉಪಕರಣವನ್ನು 2011ರಲ್ಲಿ ಗೂಗಲ್ ಕೊಂಡುಕೊಂಡಿತು, ಅದೇ ವರ್ಷ ಅದು ಮುಚ್ಚಿತು. 2020ರ ಅಕ್ಟೋಬರ್ 24ರಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೊಂಡಿಯನ್ನು ವರ್ಡ್‌ಪ್ರೆಸ್‌ನಲ್ಲಿ ಅಂಟಿಸಿದರೆ ಪೋಸ್ಟ್ ತಾನಾಗಿ ಅರಳುವುದು ನಿಂತಿತು. ಅದೇ ವರ್ಷದ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರ ವಿಡಿಯೊಗಳನ್ನು ಎಂಬೆಡ್ ಮಾಡಿದ್ದ (ಬರಹದೊಳಗೇ ಕಾಣುವಂತೆ ಕೂರಿಸಿದ್ದ) ಬರಹಗಳೂ ಇಲ್ಲಿನ ಓದುಗರಿಗೆ ಬರಿದಾದವು.

ಹಾಗಾದರೆ ಯಾವುದನ್ನು ಬಳಸಬೇಕು? ಸ್ವಂತ ಚಿತ್ರಕ್ಕೆ ಬ್ಲಾಗಿನದೇ ಮೀಡಿಯಾ ಲೈಬ್ರರಿ ಸಾಕು, ಗ್ಯಾಲರಿಗೂ ವರ್ಡ್‌ಪ್ರೆಸ್‌ನ ಸ್ವಂತ ಗ್ಯಾಲರಿ ಬ್ಲಾಕ್ ಸಾಕು. ಜಾಗ ಉಳಿಸಲೆಂದು ಹೊರಗಿನ ಸೇವೆಗೆ ಹೋಗುವ ಅಗತ್ಯವೂ ಇಲ್ಲ: ಫೋನಿನಲ್ಲಿ ತೆಗೆದ 4–5 ಎಂಬಿ ಫೋಟೊವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, 80ರ ಗುಣಮಟ್ಟದಲ್ಲಿ ಜೆಪೆಗ್ ಮಾಡಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರದ ಮೇಲೆ ಬಲಗಡೆ ಕ್ಲಿಕ್ ಮಾಡಿ ವಿಳಾಸ ನಕಲಿಸಿ ಬರಹಕ್ಕೆ ಅಂಟಿಸುವವರು ತುಂಬ ಜನ ಇದ್ದಾರೆ. ದಯವಿಟ್ಟು ಬಿಡಿ. ಆ ವಿಳಾಸಗಳು ಶಾಶ್ವತವಲ್ಲ, ನಿಮ್ಮ ಬ್ರೌಸರ್‌ನಲ್ಲಿ ಲಾಗಿನ್ ಇರುವುದರಿಂದ ನಿಮಗೆ ಕಾಣುತ್ತಿರುತ್ತದೆ, ಓದುಗರಿಗೆ ಕಾಣುವುದಿಲ್ಲ.

ಧ್ವನಿಯೂ ಅಷ್ಟೇನೂ ಭಾರವಲ್ಲ. ಮಾತಿನ ಮುದ್ರಣವನ್ನು 64 ಕೆಬಿಪಿಎಸ್ ಮೊನೊ ಎಂಪಿ3 ಮಾಡಿದರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ಹತ್ತು ನಿಮಿಷಕ್ಕೆ 5 ಎಂಬಿಯೊಳಗೆ. ಅಜ್ಜಿ ಹಾಡಿದ ಸೋಬಾನೆ ಪದದಂಥ, ಮತ್ತೆ ಸಿಗದ ಮುದ್ರಣವಿದ್ದರೆ ಮೂಲ ಕಡತವನ್ನು ಮನೆಯಲ್ಲಿ ಎರಡು ಕಡೆ ಇಟ್ಟು, ಹಾಡಿದವರ ಒಪ್ಪಿಗೆ ಪಡೆದು ಇಂಟರ್ನೆಟ್ ಆರ್ಕೈವ್‌ಗೂ ಏರಿಸಿ. ಅಲ್ಲಿಂದ ಎಂಬೆಡ್ ಮಾಡಲು ಐಫ್ರೇಮ್ ಕೋಡ್ (ಬೇರೆ ತಾಣದ ಪುಟವನ್ನು ನಿಮ್ಮ ಪುಟದೊಳಗೆ ಚೌಕಟ್ಟಿನಲ್ಲಿ ತೋರಿಸುವ ಕೋಡ್) ಸಿಗುತ್ತದೆ.

ವಿಡಿಯೊಗೆ ಮಾತ್ರ ಯೂಟ್ಯೂಬ್ ಬಿಟ್ಟು ಬೇರೆ ದಾರಿ ಕಡಿಮೆ. ಅಲ್ಲಿಯೂ ಪ್ಲಗಿನ್ ಬೇಡ: ವರ್ಡ್‌ಪ್ರೆಸ್‌ನಲ್ಲಿ ಕೊಂಡಿಯನ್ನು ಒಂದು ಸಾಲಿನಲ್ಲಿ ಒಂಟಿಯಾಗಿ ಅಂಟಿಸಿ, ಬ್ಲಾಗರ್‌ನಲ್ಲಿ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ ಐಫ್ರೇಮ್ ಹಾಕಿ. ಮುಂದೊಂದು ದಿನ ಎಂಬೆಡ್ ನಿಂತರೂ ವರ್ಡ್‌ಪ್ರೆಸ್ ಬರಹದಲ್ಲಿ ಕೊಂಡಿಯಾದರೂ ಉಳಿದಿರುತ್ತದೆ. ಬೇರೆಯವರ ವಿಡಿಯೊ ಆಗಿದ್ದರೆ ಕೆಳಗೆ ಅದರ ಶೀರ್ಷಿಕೆ, ಚಾನೆಲ್, ವರ್ಷ, ನೀವು ಹೇಳಹೊರಟ ಭಾಗ ಎಷ್ಟನೇ ನಿಮಿಷದಲ್ಲಿದೆ, ಅಲ್ಲಿ ಏನಿದೆ ಎಂದು ಬರೆಯಿರಿ. ಅವರು ವಿಡಿಯೊ ಅಳಿಸಿದರೂ ನಿಮ್ಮ ಮಾತು ಓದುಗರಿಗೆ ಅರ್ಥವಾಗಬೇಕು.

'ನಿಮ್ಮ ಟೆಂಪ್ಲೇಟ್‌ಗೆ ಈ ಒಂದು ಸಾಲಿನ ಸ್ಕ್ರಿಪ್ಟ್ ಸೇರಿಸಿ' ಎನ್ನುವ ಉಪಕರಣಗಳ ಬಗ್ಗೆ ಹೆಚ್ಚು ಹುಷಾರಾಗಿರಿ. ಐಫ್ರೇಮ್ ಬೇರೆ ತಾಣದ್ದಾದರೆ ನಿಮ್ಮ ಪುಟದೊಳಗಿನದನ್ನು ಓದಲಾರದು, ಬದಲಿಸಲಾರದು. ಸ್ಕ್ರಿಪ್ಟ್ ನಿಮ್ಮ ಪುಟದೊಳಗೇ ಓಡುವ ಕೋಡ್, ಅದು ಎರಡನ್ನೂ ಮಾಡಬಲ್ಲದು. ಪಾಲಿಫಿಲ್ ಡಾಟ್ ಐಓ ಎಂಬ ಡೊಮೇನ್ 2024ರಲ್ಲಿ ಕೈ ಬದಲಾಯಿತು. ಲಕ್ಷಕ್ಕೂ ಹೆಚ್ಚು ತಾಣಗಳು ಅಲ್ಲಿಂದ ಸ್ಕ್ರಿಪ್ಟ್ ತರಿಸಿಕೊಳ್ಳುತ್ತಿದ್ದವು. ಅದೇ ಸ್ಕ್ರಿಪ್ಟ್‌ನೊಳಗೆ ಸೇರಿಸಿದ ಕೋಡ್ ಮೊಬೈಲ್ ಓದುಗರನ್ನು ಬೆಟ್ಟಿಂಗ್ ತಾಣಗಳಿಗೆ ತಳ್ಳತೊಡಗಿತು. ತಾಣದವರು ತಮ್ಮ ಕಡೆ ಒಂದಕ್ಷರವನ್ನೂ ಬದಲಿಸಿರಲಿಲ್ಲ.

ಯಾವ ಪ್ಲಗಿನ್ ಆದರೂ ಸರಿ, ಪರೀಕ್ಷೆ ಸುಲಭ. ಒಂದು ಡ್ರಾಫ್ಟ್ ತೆರೆದು ಮೂರು ಚಿತ್ರ, ಕನ್ನಡದಲ್ಲಿ ಮೂರು ವಿವರಣೆ, ಒಂದು ವಿಡಿಯೊ ಹಾಕಿ. ಪ್ಲಗಿನ್ ಡಿಆ್ಯಕ್ಟಿವೇಟ್ ಮಾಡಿ, ಆ ಡ್ರಾಫ್ಟ್‌ನ ಪ್ರಿವ್ಯೂ ನೋಡಿ. ಚಿತ್ರ ಮತ್ತು ವಿವರಣೆ ಉಳಿದಿದ್ದರೆ ಚಿತ್ರದ ವಿಳಾಸ ನಿಮ್ಮ ಬ್ಲಾಗಿನದೇ ಎಂದೂ ಖಚಿತಪಡಿಸಿಕೊಳ್ಳಿ. ಆವರಣದೊಳಗೆ ಬರೀ ಸಂಖ್ಯೆ ಕಂಡರೆ ಆ ಪ್ಲಗಿನ್ ಅನ್ನು ಅಂದೇ ಕೈಬಿಡಿ, ಡ್ರಾಫ್ಟ್ ಒಂದೇ ಇರುವಾಗ ಅದು ಎರಡು ನಿಮಿಷದ ಕೆಲಸ.